ಬುಕಿಂಗ್ ಇಲ್ಲ, ಕೇಳುವವರು ಹತ್ತು ಜನ

ನೀರಿನ ಬದಿಯಲ್ಲಿ ಟೆಂಟ್ ಹಾಕಿ ಒಂದು ರಾತ್ರಿ ಕಳೆಯಬೇಕು ಅಂದರೆ ಬೆಂಗಳೂರಿನ ನನ್ನ ಭಾವ ಮೊದಲು ಫೋನ್ ತೆಗೆದು ಬುಕಿಂಗ್ ಹುಡುಕುತ್ತಾರೆ. ಸಿಕ್ಕಿದರೆ ದುಡ್ಡು ಕಟ್ಟುತ್ತಾರೆ. ಸಿಗದಿದ್ದರೆ, ಅಲ್ಲಿ ಕೇಳುವವರು ಯಾರೂ ಇಲ್ಲ ಅಂತ ತಿಳಿಯುತ್ತಾರೆ. ನಮ್ಮ ಕಾಸರಗೋಡಿನಲ್ಲಿ ಬುಕಿಂಗ್ ಇಲ್ಲ, ಕೇಳುವವರು ಮಾತ್ರ ಹತ್ತು ಜನ. ಈ ಹತ್ತು ಜನರ ಕಿರಿಕಿರಿ ಒಳ್ಳೆಯದು ಅಂತಲೇ ನನ್ನ ವಾದ. ಪೂರ್ತಿ ಅಲ್ಲ, ಮುಕ್ಕಾಲು ಪಾಲು.

ಜಾಗದ ಬಗ್ಗೆ ಸ್ವಲ್ಪ ಹೇಳಬೇಕು. ಕುಂಬಳೆ, ಬದಿಯಡ್ಕ ಕಡೆ ಗುಡ್ಡ ಹತ್ತಿದರೆ ಮೇಲೆ ಚೂಪಾದ ತುದಿ ಸಿಗುವುದಿಲ್ಲ. ಮುರಕಲ್ಲಿನ, ಅಂದರೆ ಕೆಂಪು ಕಲ್ಲಿನ ಪದವು ಸಿಗುತ್ತದೆ. ಕಣ್ಣು ಹಾಯಿಸಿದಷ್ಟು ದೂರ ಚಪ್ಪಟೆ ಕಲ್ಲು, ನಡುನಡುವೆ ಮುಳಿಹುಲ್ಲು. ಆ ಕಲ್ಲಿನ ತಗ್ಗಿನಲ್ಲಿ ಮಳೆನೀರು ನಿಂತದ್ದೇ ಪಳ್ಳ. ಯಾವ ರಾಜನೂ ಕಟ್ಟಿಸಿದ್ದಲ್ಲ. ಏರಿ ಇಲ್ಲ, ತೂಬು ಇಲ್ಲ. ಕೆಲವು ಪಳ್ಳ ಮಳೆ ಬಿಟ್ಟ ಸ್ವಲ್ಪ ದಿನದಲ್ಲೇ ಒಣಗುತ್ತವೆ, ಕೆಲವು ಏಪ್ರಿಲ್ ನಡುವಿನ ಬಿಸು ಹಬ್ಬದವರೆಗೂ ನೀರು ಹಿಡಿದಿರುತ್ತವೆ. ಕಿದೂರಿನ ಪಳ್ಳ ಹಕ್ಕಿ ನೋಡುವವರಿಗೆಲ್ಲ ಗೊತ್ತು. ಅಲ್ಲಿ 150ಕ್ಕೂ ಹೆಚ್ಚು ಜಾತಿಯ ಹಕ್ಕಿಗಳನ್ನು ಗುರುತಿಸಿದ್ದಾರೆ. ಕೇರಳದ 44 ನದಿಗಳಲ್ಲಿ 12 ನಮ್ಮ ಜಿಲ್ಲೆಯಲ್ಲೇ ಇವೆ, ಮಳೆಗಾಲದಲ್ಲಿ ಆಕಾಶವೇ ಹರಿದು ಬೀಳುತ್ತದೆ. ಆದರೂ ಮಾರ್ಚ್ ಏಪ್ರಿಲ್ ಬಂತೆಂದರೆ ಬಾವಿಗೆ ಇಣುಕಿ ನೋಡುವ ಸ್ಥಿತಿ. ಪದವಿನ ಮೇಲೆ ನಿಂತ ನೀರು ಇಂಗಿ ಕೆಳಗಿನ ಬಾವಿಗೆ, ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗಕ್ಕೆ ಹೋಗಬೇಕು. ಹಾಗಾಗಿ ನೋಡಲು ಖಾಲಿ ಬಿದ್ದ ಜಾಗದ ಹಾಗಿದ್ದರೂ ಅದು ಖಾಲಿ ಜಾಗ ಅಲ್ಲ.

ಕಳೆದ ಕ್ರಿಸ್‌ಮಸ್ ರಜೆಗೆ ಅಕ್ಕ, ಭಾವ, ಮಕ್ಕಳು ಬಂದಿದ್ದರು. ನಮ್ಮ ಮನೆಯಿಂದ ಜೀಪು ದಾರಿ ಮುಗಿದ ಮೇಲೂ ಮುಕ್ಕಾಲು ಗಂಟೆ ನಡೆಯಬೇಕಾದ ಪಳ್ಳ ಒಂದಿದೆ. ಅಲ್ಲೇ ಮಲಗುವುದು ಅಂತ ತೀರ್ಮಾನವಾಯಿತು. ನಾನು ವಾರ್ಡಿನ ಮೆಂಬರಿಗೆ ಫೋನ್ ಮಾಡಿದೆ. ಅವರು ಪಕ್ಕದ ಗೇರುತೋಟದವರನ್ನು ಕೇಳಿ ಅಂದರು. ತೋಟದವರು ಬೆಂಕಿ ಹಾಕುವುದಾದರೆ ಬೇಡವೇ ಬೇಡ ಅಂದರು. ಸಂಜೆಗೆ ಕ್ಲಬ್ಬಿನ ಹುಡುಗರಿಗೆ ಸುದ್ದಿ ಮುಟ್ಟಿತು, ಅವರದ್ದು ಇನ್ನೊಂದು ಫೋನ್: ಸ್ಪೀಕರ್ ಉಂಟಾ? ಗುಳಿಗ ದೈವದ ಕಟ್ಟೆಯ ಹತ್ತಿರ ಟೆಂಟ್ ಹಾಕಬಾರದು ಅಂತ ದನ ಮೇಯಿಸುವ ಅಜ್ಜಿ ಮನೆಗೇ ಬಂದು ಹೇಳಿ ಹೋದರು. ಭಾವನಿಗೆ ತಲೆ ಕೆಟ್ಟಿತು. "ಒಂದು ರಾತ್ರಿ ಮಲಗೋಕೆ ಊರನ್ನೆಲ್ಲ ಕೇಳ್ಬೇಕೇನಯ್ಯಾ? ನಮ್ಮ ಕಡೆ ಟಿಕೆಟ್ ತಗೊಂಡ್ರೆ ಮುಗೀತು" ಅಂದರು.

ಅವರ ಮಾತಿನಲ್ಲೂ ನ್ಯಾಯ ಇದೆ. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಜನ ಜಾತ್ರೆಯ ಹಾಗೆ ನುಗ್ಗಿದ ಮೇಲೆ ಕರ್ನಾಟಕ ಅರಣ್ಯ ಇಲಾಖೆ ಚಾರಣಕ್ಕೆ ಆನ್‌ಲೈನ್ ಟಿಕೆಟ್ ಕಡ್ಡಾಯ ಮಾಡಿತು. ಅದು ಬೇಕಿತ್ತು. ನಮ್ಮ ಜಿಲ್ಲೆಯ ರಾಣಿಪುರಂ ಬೆಟ್ಟಕ್ಕೂ ಟಿಕೆಟ್ ಇದೆ. ಆದರೆ ಟಿಕೆಟ್ ಲೆಕ್ಕ ಇಡುವುದು ಎಷ್ಟು ಜನ ಹೋದರು ಅಂತ ಮಾತ್ರ. ಡಿಸೆಂಬರ್ ಕೊನೆಗೆ ಮುಳಿಹುಲ್ಲು ಎಷ್ಟು ಒಣಗಿರುತ್ತದೆ, ಒಂದು ಕಿಡಿ ಗಾಳಿಗೆ ಹಾರಿದರೆ ಯಾರ ಗೇರುಮರ ಹೋಗುತ್ತದೆ ಅನ್ನುವುದು ತೋಟದವರಿಗೇ ಗೊತ್ತು. ಭಾವ ಬಾರ್ಬಿಕ್ಯೂ ಅಂತ ಒಂದು ಚೀಲ ಇದ್ದಿಲು ತಂದಿದ್ದರು. ಅದು ನಮ್ಮ ಬಚ್ಚಲು ಮನೆಯಲ್ಲೇ ಉಳಿಯಿತು.

ಟೆಂಟ್ ಹಾಕಲು ಹೋದಾಗ ಇನ್ನೊಂದು ತಮಾಷೆ. ಗೂಟ ಹೊಡೆದರೆ ಮುರಕಲ್ಲಿಗೆ ಇಳಿಯುವುದೇ ಇಲ್ಲ. ಮೂರು ಗೂಟ ಬಾಗಿದವು, ಒಂದು ಟಿಣ್ ಅಂತ ಹಾರಿ ನೀರಿಗೆ ಬಿತ್ತು. ಕೊನೆಗೆ ಅಲ್ಲಲ್ಲಿ ಬಿದ್ದಿದ್ದ ಕಲ್ಲು ಹೊತ್ತು ತಂದು ಹಗ್ಗವನ್ನು ಅವಕ್ಕೆ ಸುತ್ತಿ ಕಟ್ಟಿದೆವು. ಕಲ್ಲು ಎತ್ತುವ ಮೊದಲು ಕಾಲಿನಿಂದ ಒಮ್ಮೆ ಉರುಳಿಸಿ ನೋಡಬೇಕು, ಅಡಿಯಲ್ಲಿ ಚೇಳು ಇರುತ್ತದೆ. ಹಗಲೆಲ್ಲ ಕಾದ ಪಾದೆಕಲ್ಲು ರಾತ್ರಿ ತುಂಬ ಹೊತ್ತು ಬೆಚ್ಚಗೆ ಇತ್ತು, ಚಾಪೆಯ ಮೇಲೆ ಮಲಗಿದರೂ ಬೆನ್ನಿಗೆ ಗೊತ್ತಾಗುತ್ತಿತ್ತು. ಬೆಳಗಿನ ಜಾವ ಮಾತ್ರ ಟೆಂಟಿನ ಒಳಗಡೆಯಿಂದಲೇ ಇಬ್ಬನಿ ತೊಟ್ಟಿಕ್ಕಿತು. ಊಟಕ್ಕೆ ಬರಿಯ ಪಾದೆಯ ಮೇಲೆ ಸಣ್ಣ ಗ್ಯಾಸ್ ಒಲೆ ಇಟ್ಟು ಕುಚ್ಚಲಕ್ಕಿ ಗಂಜಿ. ಅದಕ್ಕೆ ಮಾವಿನಮಿಡಿ ಉಪ್ಪಿನಕಾಯಿ ಮತ್ತು ಮನೆಯಲ್ಲೇ ಕರಿದು ತಂದ ಹಲಸಿನ ಹಪ್ಪಳ. ಮಕ್ಕಳು ನೂಡಲ್ಸ್ ಕೇಳಿ, ಸಿಗದೆ, ಗಂಜಿಯನ್ನೇ ಎರಡು ಸಲ ಹಾಕಿಸಿಕೊಂಡರು.

ಜಾಸ್ತಿ ಜಗಳವಾದದ್ದು ನೀರಿಗೆ ಇಳಿಯುವ ವಿಷಯದಲ್ಲಿ. ಮಕ್ಕಳು ಕನ್ನಡಕ, ಟ್ಯೂಬು ಎಲ್ಲ ತಂದಿದ್ದರು. ನಮ್ಮ ಪಕ್ಕದ ಮನೆಯ ಮಲಯಾಳಿ ಟೀಚರ್ ಹೊರಡುವಾಗಲೇ ನನ್ನನ್ನು ನಿಲ್ಲಿಸಿ ಹೇಳಿದ್ದರು, ತಲೆ ಮುಳುಗಿಸಲು ಬಿಡಬೇಡಿ ಅಂತ. ಕೇರಳದಲ್ಲಿ 2024ರಿಂದ ಅಮೀಬಾ ಮಿದುಳು ಜ್ವರದ ಹೆದರಿಕೆ ಮನೆಮನೆಯಲ್ಲಿದೆ. ನಿಂತ, ಬೆಚ್ಚಗಿನ ಸಿಹಿನೀರಿನಲ್ಲಿರುವ ಅಮೀಬಾ ಮೂಗಿನ ಮೂಲಕ ಮಿದುಳಿಗೆ ಹೋಗುತ್ತದೆ. ಕುಡಿದರೆ ಬರುವುದಲ್ಲ, ಒಬ್ಬರಿಂದ ಒಬ್ಬರಿಗೆ ಹರಡುವುದೂ ಅಲ್ಲ. ಅಪರೂಪದ ಕಾಯಿಲೆ, ಆದರೆ ನೇಗ್ಲೇರಿಯಾ ಅನ್ನುವ ಜಾತಿಯದ್ದು ತಗುಲಿದರೆ ಉಳಿಯುವವರು ಬೆರಳೆಣಿಕೆಯಷ್ಟು. ಆ ವರ್ಷ ಕೋಯಿಕ್ಕೋಡ್ ಜಿಲ್ಲೆಯ 14 ವರ್ಷದ ಹುಡುಗನೊಬ್ಬ ಈ ಜ್ವರದಿಂದ ಗುಣವಾದದ್ದೇ ದೊಡ್ಡ ಸುದ್ದಿಯಾಗಿತ್ತು. ಭಾವ ನಕ್ಕರು. ಚಿಕ್ಕವರಿದ್ದಾಗ ಊರ ಕೆರೆಯಲ್ಲೇ ಬಿದ್ದಿರುತ್ತಿದ್ದರಂತೆ, ಏನೂ ಆಗಲಿಲ್ಲವಂತೆ. ಏನೂ ಆಗದವರು ತಾನೇ ಈಗ ಹೀಗೆ ಹೇಳಲು ಇರುವುದು, ಅಲ್ವಾ? ಈ ವಿಷಯದಲ್ಲಿ ನಾನು ಪೂರ್ತಿ ಕೇರಳದ ಕಡೆ. ಮಕ್ಕಳನ್ನು ಮೊಣಕಾಲು ನೀರಿಗಷ್ಟೇ ಬಿಟ್ಟೆವು. ಅವರು ಗೊದಮೊಟ್ಟೆ ಹಿಡಿಯುವುದರಲ್ಲೇ ಮಧ್ಯಾಹ್ನ ಕಳೆದರು, ಟ್ಯೂಬಿನ ನೆನಪೇ ಬರಲಿಲ್ಲ.

ಕಸದ ಮಾತು ಬೇಗ ಮುಗಿಸುತ್ತೇನೆ. ಇಲ್ಲಿ ಹರಿತ ಕರ್ಮ ಸೇನೆಯ ಹೆಂಗಸರು ಮನೆ ಬಾಗಿಲಿಗೆ ಬಂದು ಪ್ಲಾಸ್ಟಿಕ್ ಒಯ್ಯುತ್ತಾರೆ, ತಿಂಗಳಿಗೆ 50 ರೂಪಾಯಿ. ತೊಳೆದು ಒಣಗಿಸಿ ಇಡದಿದ್ದರೆ ಬೈಗುಳ ಖಂಡಿತ. ಹಾಗಾಗಿ ಪಳ್ಳದಿಂದ ಚಿಪ್ಸ್ ಕವರ್ ವಾಪಸ್ ತರುವುದು ನಮ್ಮ ಮನೆಯವರಿಗೆ ಹೇಳಿಕೊಡಬೇಕಾದ ವಿಷಯವಾಗಲಿಲ್ಲ. ಪುತ್ತೂರು, ವಿಟ್ಲದ ಕಡೆಯ ನಮ್ಮ ನೆಂಟರಲ್ಲಿ ಎಷ್ಟೋ ಮಂದಿ ಇನ್ನೂ ಅದನ್ನು ಬಚ್ಚಲೊಲೆಗೆ ತುರುಕುತ್ತಾರೆ. ಹಾಗಂತ ಕೇರಳದವರು ಮಹಾ ಶುದ್ಧರು ಅಂತ ಹೇಳಲು ಬಾಯಿ ಬರುವುದಿಲ್ಲ. ಇಲ್ಲಿಂದ ಲಾರಿಯಲ್ಲಿ ಕಸ ಒಯ್ದು ಗುಂಡ್ಲುಪೇಟೆ ಕಡೆ ಸುರಿಯಲು ಹೋಗಿ ಸಿಕ್ಕಿಬಿದ್ದ ಸುದ್ದಿ ನೀವೂ ಓದಿದ್ದೀರಿ.

ಉಳಿದ ಕಾಲು ಪಾಲು ಇಲ್ಲಿದೆ. ಬೆಳಗ್ಗೆ ಟೆಂಟ್ ಮಡಚುವಾಗ ಎದುರಿನ ಪದವಿನಿಂದ ಕಲ್ಲು ಕೊಯ್ಯುವ ಮೆಷಿನ್ ಸದ್ದು ಶುರುವಾಯಿತು. ಅಲ್ಲೂ ಒಂದು ಪಳ್ಳ ಇತ್ತು. ಓಣಂ ಹೊತ್ತಿಗೆ ಅದರ ಸುತ್ತ ಕಾಕ್ಕಪ್ಪೂ ಅರಳಿ ಪಾದೆಯೆಲ್ಲ ನೀಲಿಯಾಗುತ್ತಿತ್ತು. ಬೆರಳುಗುರಿನಷ್ಟು ಹೂವು, ಸಣ್ಣ ಹುಳ ಹಿಡಿದು ತಿನ್ನುವ ಗಿಡ. ಮಕ್ಕಳು ಹೂವಿನ ರಂಗೋಲಿಗೆ ಅಲ್ಲಿಂದಲೇ ಬಿಡಿಸಿ ತರುತ್ತಿದ್ದರು. ಈಗ ಅಲ್ಲಿ ಕೆಂಪು ಕಲ್ಲಿನ ಕೋರೆ, ಮೆಟ್ಟಿಲು ಮೆಟ್ಟಿಲಾಗಿ ಕೊಯ್ದ ಹೊಂಡ. ನನ್ನ ಮನೆಯ ಗೋಡೆಯೂ ಇಂಥದ್ದೇ ಕಲ್ಲಿನದ್ದು, ಕಲ್ಲೇ ತೆಗೆಯಬಾರದು ಅಂತ ನಾನು ಹೇಳುತ್ತಿಲ್ಲ. ಆದರೆ ಒಂದು ಟೆಂಟಿಗೆ ಅಷ್ಟು ಪ್ರಶ್ನೆ ಕೇಳಿದವರು ಪಳ್ಳವನ್ನೇ ಕೊಯ್ದು ಲಾರಿಗೆ ತುಂಬುವಾಗ ಎಲ್ಲಿದ್ದರು? ಮೆಂಬರನ್ನು ಕೇಳಿದರೆ, "ಅದಕ್ಕೆ ಮೇಲಿನಿಂದ ಪರ್ಮಿಟ್ ಉಂಟು ಮಾರಾಯ್ರೆ, ನಮ್ಮ ಕೈಯಲ್ಲಿಲ್ಲ" ಅಂದರು. ಭಾವ ತಕ್ಷಣ ಹೇಳಿದರು, "ನೋಡು, ಅವರಿಗೆ ಬುಕಿಂಗ್ ಇದೆ." ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ.

ಕೇರಳದಲ್ಲಿ ವಾರ್ಡಿಗೊಂದು ಗ್ರಾಮಸಭೆ ಇದೆ. ಹೆಚ್ಚಾಗಿ ನಾವು ಹೋಗುವುದು ಅರ್ಜಿ ಫಾರಂ ತರಲಿಕ್ಕೆ, ಸಹಿ ಹಾಕಲಿಕ್ಕೆ. ಉಳಿದಿರುವ ಪಳ್ಳಗಳು ಯಾವುವು, ಯಾವುದರ ಸುತ್ತ ಎಷ್ಟು ದೂರ ಕೋರೆ ಬರಬಾರದು ಅಂತ ಅಲ್ಲಿ ಬರೆಸಿಕೊಳ್ಳಬೇಕು ಅನ್ನುವುದು ನನ್ನ ಅಭಿಪ್ರಾಯ. ಈ ಸಲ ಎತ್ತುವವನಿದ್ದೇನೆ. ಒಬ್ಬನೇ ಎದ್ದು ನಿಂತರೆ ಯಾರೂ ಕೇಳುವುದಿಲ್ಲ, ಗೇರುತೋಟದವರನ್ನೂ ಆ ಅಜ್ಜಿಯನ್ನೂ ಕರೆದುಕೊಂಡು ಹೋಗು ಅಂತ ಅಕ್ಕ ಹೇಳಿದ್ದಾಳೆ. ಅಜ್ಜಿ ಒಪ್ಪಿದ್ದಾರೆ. ತೋಟದವರು ಯೋಚಿಸಿ ಹೇಳುತ್ತೇನೆ ಅಂದಿದ್ದಾರೆ, ಅವರ ತಮ್ಮನ ಲಾರಿ ಅದೇ ಕೋರೆಗೆ ಓಡುತ್ತದೆ.