ಪಾಠ ಟಿಪ್ಪಣಿ ಯಾರಿಗೆ, ಪೋಷಕರ ಸಭೆ ಯಾರಿಗೆ?

ಪಾಠ ಟಿಪ್ಪಣಿ ಎಂದರೆ ಏನನ್ನು ಹೇಗೆ ಕಲಿಸುತ್ತೇವೆ ಎಂದು ನಾವು ಶಿಕ್ಷಕರು ಪಾಠಕ್ಕೆ ಮುಂಚೆ ಬರೆದಿಡುವ ಯೋಜನೆ. ಹೋದ ವರ್ಷದ ಟಿಪ್ಪಣಿಯಲ್ಲಿ ದಿನಾಂಕ ಮಾತ್ರ ಬದಲಿಸಿ ಈ ವರ್ಷವೂ ಮುಖ್ಯ ಶಿಕ್ಷಕರ ಸಹಿ ಪಡೆಯಬಹುದು. ನಮ್ಮ ವೃತ್ತಿಯಲ್ಲಿರುವ ಎಲ್ಲರಿಗೂ ಇದು ಗೊತ್ತು, ಗಟ್ಟಿಯಾಗಿ ಹೇಳುವವರಿಲ್ಲ ಅಷ್ಟೆ. ಕಲಿಕಾ ಫಲ, ಬೋಧನೋಪಕರಣ, ಚಟುವಟಿಕೆ, ಮೌಲ್ಯಮಾಪನ ಎಲ್ಲ ಕಾಲಂಗಳೂ ತುಂಬಿರುತ್ತವೆ. ತರಗತಿಯಲ್ಲಿ ಕುಳಿತ ಮಕ್ಕಳು ಮಾತ್ರ ಅದರಲ್ಲಿ ಎಲ್ಲಿಯೂ ಕಾಣುವುದಿಲ್ಲ. ಓದುವವರು ತಪಾಸಣೆಗೆ ಬರುವ ಅಧಿಕಾರಿಗಳಾದ್ದರಿಂದ ಅವರಿಗೆಂದೇ ಬರೆದಿರುತ್ತೇವೆ.

ಪೋಷಕರ ಸಭೆಯ ಕಥೆಯೂ ಬೇರೆಯಲ್ಲ. ಬಂದವರ ಸಹಿ ಅಥವಾ ಹೆಬ್ಬೆಟ್ಟು, ಒಂದು ಫೋಟೊ, ನಡಾವಳಿ ಪುಸ್ತಕದಲ್ಲಿ ಅರ್ಧ ಪುಟ. ನಡುವೆ ಒಂದು ಮಾತು: "ನಿಮ್ಮ ಹುಡುಗ ಗಣಿತದಲ್ಲಿ ಹಿಂದೆ ಇದ್ದಾನಮ್ಮ, ಮನೆಯಲ್ಲಿ ಸ್ವಲ್ಪ ಓದಿಸಿ." ಶಾಲೆಯ ಮೆಟ್ಟಿಲು ಹತ್ತದ ತಾಯಿ ಈ ಮಾತನ್ನು ಹೊತ್ತುಕೊಂಡು ಹೋಗಿ ಏನು ಮಾಡಬೇಕು? ಮಗನನ್ನು ಬೈಯುವುದು ಅಥವಾ ಎರಡು ಬಿಗಿಯುವುದು. ಅದಕ್ಕಿಂತ ಹೆಚ್ಚಿನದೇನನ್ನೂ ನಾವು ಆಕೆಯ ಕೈಗೆ ಕೊಟ್ಟಿರುವುದಿಲ್ಲ.

ಇವೆರಡನ್ನೂ ಬೇರೆ ಬೇರೆ ಕೆಲಸ ಎಂದುಕೊಂಡಿರುವುದೇ ತಪ್ಪು ಎಂಬುದು ನನ್ನ ವಾದ. 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಶಿಕ್ಷಕರ ಕರ್ತವ್ಯಗಳನ್ನು ಹೇಳುತ್ತದೆ. ಪ್ರತಿ ಮಗುವಿನ ಕಲಿಕೆಯನ್ನು ಅಳೆದು ಅಗತ್ಯವಿದ್ದರೆ ಹೆಚ್ಚುವರಿ ಬೋಧನೆ ಕೊಡುವುದು ಒಂದು. ಪೋಷಕರನ್ನು ನಿಯಮಿತವಾಗಿ ಭೇಟಿಯಾಗಿ ಹಾಜರಾತಿ, ಕಲಿಕೆ, ಪ್ರಗತಿ ತಿಳಿಸುವುದು ಅದರ ಬೆನ್ನಿಗೇ ಬರುವ ಇನ್ನೊಂದು. ಮೊದಲನೆಯದು ಆಗದೆ ಎರಡನೆಯದರಲ್ಲಿ ಹೇಳುವುದಕ್ಕೆ ಏನಿರುತ್ತದೆ?

ಒಂದು ಲೆಕ್ಕವನ್ನೇ ತೆಗೆದುಕೊಳ್ಳೋಣ. 42ರಲ್ಲಿ 17 ಕಳೆ ಎಂದರೆ ನಾಲ್ಕನೆಯ ತರಗತಿಗೆ ಬಂದ ಎಷ್ಟೋ ಮಕ್ಕಳು 35 ಎಂದು ಬರೆಯುತ್ತಾರೆ. ಇದು ಅಡ್ಡಾದಿಡ್ಡಿ ತಪ್ಪಲ್ಲ. ಎರಡರಲ್ಲಿ ಏಳು ಹೋಗುವುದಿಲ್ಲ, ಆದ್ದರಿಂದ ಏಳರಲ್ಲೇ ಎರಡು ಕಳೆದು ಐದು ಬರೆದರು. ನಾಲ್ಕರಲ್ಲಿ ಒಂದು ಹೋಗಿ ಮೂರು. ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು ಎಂದು ನಾವೇ ಕಲಿಸಿದ ನಿಯಮವನ್ನು ನಿಷ್ಠೆಯಿಂದ ಪಾಲಿಸಿದ್ದಾರೆ. ಇಂಥ ಮಗುವಿಗೆ ಇನ್ನೂ ಇಪ್ಪತ್ತು ಲೆಕ್ಕ ಮನೆಗೆಲಸ ಕೊಟ್ಟರೆ ಇಪ್ಪತ್ತನ್ನೂ ಅದೇ ದಾರಿಯಲ್ಲಿ ತಪ್ಪಾಗಿ ಮಾಡಿಕೊಂಡು ಬರುತ್ತದೆ.

ಇದನ್ನು ಟಿಪ್ಪಣಿಯಲ್ಲಿ ಬರೆದಿಟ್ಟ ಶಿಕ್ಷಕಿ ತಾಯಿಗೆ ಹೇಳುವ ಮಾತೇ ಬೇರೆಯಾಗುತ್ತದೆ. "ಅವನಿಗೆ ಕಳೆಯುವುದು ಬರುತ್ತದೆ. ಹತ್ತರ ನೋಟನ್ನು ಮುರಿಸಿ ಚಿಲ್ಲರೆ ಕೊಡುವಂಥ ಲೆಕ್ಕ ಬಂದಾಗ ಎಡವುತ್ತಾನೆ." ಆಗ ಆ ತಾಯಿ, ಸಂತೆಯಲ್ಲಿ ಸೊಪ್ಪು ಮಾರುವವಳು, ನಕ್ಕು ಹೇಳಬಹುದು: "ಚಿಲ್ಲರೆ ಕೊಡುವುದರಲ್ಲಿ ಅವನು ಒಂದು ರೂಪಾಯಿಯೂ ತಪ್ಪುವುದಿಲ್ಲ ಟೀಚರ್." ಮರುದಿನದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಆರಂಭ ಯಾವ ಕೈಪಿಡಿಯಲ್ಲಿದೆ? ಹತ್ತರ ನಾಲ್ಕು ಆಟದ ನೋಟು, ಎರಡು ನಾಣ್ಯ ಮೇಜಿನ ಮೇಲಿಟ್ಟು ಹದಿನೇಳು ಕೊಡು ಎಂದರೆ ಸಾಕು. ಪೋಷಕರೊಂದಿಗೆ ಮಾತನಾಡುವುದು ಎಂದರೆ ನಾವು ಹೇಳಿ ಅವರು ತಲೆಯಾಡಿಸುವುದು ಎಂದು ತಿಳಿದವರಿಗೆ ಈ ಮಾಹಿತಿ ಜನ್ಮದಲ್ಲಿ ಸಿಗುವುದಿಲ್ಲ.

ಸಿಗದಿರಲು ಇನ್ನೊಂದು ಕಾರಣ ಸಭೆಯ ಹೊತ್ತು. ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಕರೆದು "ಪೋಷಕರಿಗೆ ಆಸಕ್ತಿಯೇ ಇಲ್ಲ" ಎಂದು ಬರೆಯುವುದು ನನಗೆ ಸಿಟ್ಟು ತರಿಸುತ್ತದೆ. ಆ ಹೊತ್ತಿಗೆ ಶಾಲೆಗೆ ಬರುವುದೆಂದರೆ ಅಂದಿನ ಕೂಲಿ ಬಿಟ್ಟು ಬರುವುದು. ಸಂಬಳದ ರಜೆ ಇರುವ ನಾವು ಅವರ ಆಸಕ್ತಿಯನ್ನು ಅಳೆಯುವುದು ಬೇಡ. ಸಂತೆಯ ದಿನ, ನಾಟಿಯ ದಿನ ತಪ್ಪಿಸಿ, ಸಂಜೆ ಮಕ್ಕಳನ್ನು ಕರೆದೊಯ್ಯಲು ಬಂದವರನ್ನು ಐದು ನಿಮಿಷ ನಿಲ್ಲಿಸಿಕೊಂಡರೂ ಆದೀತು. ವಾಟ್ಸ್ಆ್ಯಪ್ ಗುಂಪಿನ ಮೇಲೆ ನನಗೆ ಅಷ್ಟು ಭರವಸೆಯಿಲ್ಲ: ಮೊಬೈಲ್ ಅಪ್ಪನ ಜೇಬಿನಲ್ಲಿ ಕೆಲಸಕ್ಕೆ ಹೋಗಿರುತ್ತದೆ, ಅಮ್ಮನಿಗೆ ಓದಲು ಬಾರದು. ಕಳಿಸಲೇಬೇಕಿದ್ದರೆ ಅರ್ಧ ನಿಮಿಷದ ಧ್ವನಿ ಸಂದೇಶ ಕಳಿಸಿ.

ಸಮಯವೆಲ್ಲಿದೆ ಎಂಬ ಪ್ರಶ್ನೆ ಬಂದೇ ಬರುತ್ತದೆ, ಅದು ನ್ಯಾಯವಾದದ್ದು. ಅದೇ ಕಾಯ್ದೆಯ ಅನುಸೂಚಿಯಲ್ಲಿ ಶಿಕ್ಷಕರಿಗೆ ವಾರಕ್ಕೆ ಕನಿಷ್ಠ 45 ಗಂಟೆ ಕೆಲಸವೆಂದಿದೆ, ತಯಾರಿಯ ಅವಧಿಯೂ ಸೇರಿ. ತಯಾರಿಯೂ ಕೆಲಸವೆಂದು ಕಾನೂನು ಒಪ್ಪಿದೆ. ಆದರೆ ಎರಡು ಮೂರು ತರಗತಿಗಳನ್ನು ಒಟ್ಟಿಗೆ ಕೂರಿಸಿಕೊಂಡು, ಮೊಟ್ಟೆಯ ಲೆಕ್ಕ ಬರೆದು, ಆನ್‌ಲೈನ್ ಮಾಹಿತಿ ತುಂಬುವವರಿಗೆ ಆ ಅವಧಿ ರಾತ್ರಿ ಅಡುಗೆಯ ನಂತರವೇ ಸಿಗುತ್ತದೆ. ಅದಕ್ಕಾಗಿಯೇ ಹೇಳುತ್ತಿದ್ದೇನೆ: ಉದ್ದುದ್ದ ಟಿಪ್ಪಣಿ ಬೇಡ. ಪಾಠ ಮುಗಿದ ಮೇಲೆ ಯಾರು ಎಲ್ಲಿ ಎಡವಿದರು ಎಂದು ಮೂರು ಸಾಲು ಬರೆಯೋಣ, ಅಧಿಕಾರಿಗಳು ಅದನ್ನೇ ಟಿಪ್ಪಣಿಯೆಂದು ಒಪ್ಪಲಿ.

ಇದನ್ನು ಓದುತ್ತಿರುವ ಪೋಷಕರಿಗೆ ಒಂದು ವಿನಂತಿ. ಮುಂದಿನ ಸಭೆಯಲ್ಲಿ "ಹೇಗೆ ಓದುತ್ತಾಳೆ?" ಎಂದು ಕೇಳಬೇಡಿ. "ಅವಳಿಗೆ ಯಾವುದು ಬರುತ್ತಿಲ್ಲ?" ಎಂದು ಕೇಳಿ. ತಕ್ಷಣ ಉತ್ತರ ಬಾರದಿದ್ದರೆ ಒಂದು ವಾರದ ಗಡುವು ಕೊಟ್ಟು ಮತ್ತೆ ಬನ್ನಿ. ಬೇಜಾರು ಮಾಡಿಕೊಳ್ಳುವ ಶಿಕ್ಷಕರೂ ಇರುತ್ತಾರೆ, ಮಾಡಿಕೊಳ್ಳಲಿ.