ಕರೆಂಟಿನ ಬೇಡಿಕೆಗೆ ಅಣುಸ್ಥಾವರ ಬೇಕೇ?

ಪರ

ಬಿಸಿಲಿದ್ದಾಗ ಕರೆಂಟ್ ಕೊಡುವುದು ಈಗ ಕಷ್ಟವಲ್ಲ. ಕಷ್ಟ ಶುರುವಾಗುವುದು ಸಂಜೆ. ಮನೆಮನೆಯಲ್ಲೂ ದೀಪ, ಫ್ಯಾನು, ಟಿವಿ ಒಟ್ಟಿಗೆ ಆನ್ ಆಗುವ ಹೊತ್ತಿಗೆ ಸೋಲಾರ್ ಪ್ಯಾನೆಲ್‌ಗಳು ಕೆಲಸ ನಿಲ್ಲಿಸಿರುತ್ತವೆ. ಕರೆಂಟ್ ಹಂಚುವ ಜಾಲವಾದ ಗ್ರಿಡ್‌ನಲ್ಲಿ ಉತ್ಪಾದನೆ ಮತ್ತು ಬಳಕೆ ಕ್ಷಣಕ್ಷಣಕ್ಕೂ ಸರಿಸಮ ಇರಬೇಕು. ಉತ್ಪಾದನೆ ಕಡಿಮೆಯಾದರೆ ಫ್ರೀಕ್ವೆನ್ಸಿ (ಕರೆಂಟಿನ ಮಿಡಿತದ ವೇಗ) ಇಳಿಯುತ್ತದೆ, ಎಲ್ಲೋ ಒಂದು ಕಡೆ ಲೋಡ್ ಶೆಡ್ಡಿಂಗ್ ಮಾಡಲೇಬೇಕಾಗುತ್ತದೆ.

ಆಗ ಹೆಚ್ಚಿನ ದೇಶಗಳು ಕಲ್ಲಿದ್ದಲನ್ನೋ ಗ್ಯಾಸನ್ನೋ ಉರಿಸುತ್ತವೆ. ಹೊಗೆಯಿಲ್ಲದೆ ಹಗಲೂ ರಾತ್ರಿ ಓಡಬಲ್ಲದ್ದು ಅಣುಸ್ಥಾವರ. ಬೆರಳ ತುದಿಯಷ್ಟು ದೊಡ್ಡ ಯುರೇನಿಯಂ ಗುಳಿಗೆಯಲ್ಲಿ ಸುಮಾರು ಒಂದು ಟನ್ ಕಲ್ಲಿದ್ದಲಿನಷ್ಟು ಶಕ್ತಿ ಇರುತ್ತದೆ. ಇದು ಬರೀ ಕನಸಲ್ಲ. 1973ರ ತೈಲ ಬಿಕ್ಕಟ್ಟಿನ ಮರುವರ್ಷವೇ ಫ್ರಾನ್ಸ್ ಈ ದಾರಿ ಹಿಡಿಯಿತು. 1990ರ ಹೊತ್ತಿಗೆ ಅದರ ಕರೆಂಟಿನಲ್ಲಿ ಸುಮಾರು ಮುಕ್ಕಾಲು ಪಾಲು ಅಣುಸ್ಥಾವರಗಳಿಂದಲೇ ಬರುತ್ತಿತ್ತು. ಇಡೀ ದೇಶವೇ ಮಾಡಿ ತೋರಿಸಿದ ಕೆಲಸವನ್ನು ಆಗದು ಎನ್ನುವುದು ಹೇಗೆ?

ವಿರೋಧ

ಫ್ರಾನ್ಸ್ ಹೆಸರು ಹೇಳುವವರು ಅಲ್ಲಿನ ಫ್ಲಾಮನ್‌ವಿಲ್‌ನ ಮೂರನೇ ರಿಯಾಕ್ಟರನ್ನೂ (ಅಣುವನ್ನು ಒಡೆದು ಶಾಖ ಹುಟ್ಟಿಸುವ ಘಟಕ) ನೋಡಬೇಕು. ಕೆಲಸ ಶುರುವಾಗಿದ್ದು 2007ರಲ್ಲಿ, ಮುಗಿಯಬೇಕಿದ್ದದ್ದು 2012ಕ್ಕೆ. ಗ್ರಿಡ್‌ಗೆ ಸೇರಿದ್ದು 2024ರ ಡಿಸೆಂಬರ್‌ನಲ್ಲಿ! 330 ಕೋಟಿ ಯೂರೋ ಎಂದಿದ್ದ ಖರ್ಚು 1,300 ಕೋಟಿ ದಾಟಿತು. ರಿಯಾಕ್ಟರ್ ಪಾತ್ರೆಯ ಮುಚ್ಚಳದ ಉಕ್ಕಿನಲ್ಲಿ ಇಂಗಾಲ ಜಾಸ್ತಿ ಇತ್ತು. ಹಬೆ ಕೊಳವೆಗಳ ವೆಲ್ಡಿಂಗ್ ಸರಿಯಿಲ್ಲವೆಂದು ಮತ್ತೆ ಮಾಡಬೇಕಾಯಿತು. ಪಳಗಿದ ದೇಶದ್ದೇ ಈ ಪಾಡಾದರೆ ಹೊಸದಾಗಿ ಕೈಹಾಕುವವರ ಗತಿಯೇನು?

ಬೇಡಿಕೆ ಅಷ್ಟು ವರ್ಷ ಸುಮ್ನೆ ಕಾಯುವುದಿಲ್ಲ ಅಲ್ವಾ? ಸ್ಥಾವರ ಮುಗಿಯುವ ತನಕ ಉರಿಯುವುದು ಅದೇ ಕಲ್ಲಿದ್ದಲು. ಜಾಗ ಮತ್ತು ಲೈನ್ ಸಿದ್ಧವಿದ್ದರೆ ಸೋಲಾರ್ ಪಾರ್ಕ್ ಒಂದೆರಡು ವರ್ಷದಲ್ಲಿ ಏಳುತ್ತದೆ. 2010ರಿಂದ 2020ರೊಳಗೆ ಪ್ಯಾನೆಲ್ ಬೆಲೆ ಸುಮಾರು ಶೇ 90ರಷ್ಟು ಇಳಿದಿದೆ. ಸಂಜೆಯ ಕೊರತೆ ನಿಜ. ಅದಕ್ಕೆ ಬ್ಯಾಟರಿ ಇದೆ. ಹಗಲಿನ ಹೆಚ್ಚುವರಿ ಕರೆಂಟಿನಿಂದ ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿ, ಸಂಜೆ ಕೆಳಗೆ ಬಿಟ್ಟು ಟರ್ಬೈನ್ ತಿರುಗಿಸುವ ಪದ್ಧತಿಯಂತೂ ನೂರು ವರ್ಷ ಹಳೆಯದು. ಹೊಲಗಳಿಗೆ ನೀರೆತ್ತುವ ಪಂಪ್‌ಸೆಟ್‌ಗಳನ್ನು ಹಗಲಿಗೆ ಬದಲಾಯಿಸಿದರೂ ಸಂಜೆಯ ಹೊರೆ ಇಳಿಯುತ್ತದೆ.

1986ರ ಚೆರ್ನೋಬಿಲ್, 2011ರ ಫುಕುಶಿಮಾ ಅಣುಸ್ಥಾವರ ದುರಂತಗಳು ಎಲ್ಲರಿಗೂ ಗೊತ್ತು. ನನ್ನನ್ನು ಅದಕ್ಕಿಂತ ಕಾಡುವುದು ತ್ಯಾಜ್ಯ. ಬಳಸಿದ ಇಂಧನದಲ್ಲಿರುವ ಪ್ಲುಟೋನಿಯಂ-239 ಅರ್ಧಕ್ಕೆ ಇಳಿಯಲು ಸುಮಾರು 24,000 ವರ್ಷ ಬೇಕು. ಫಿನ್ಲೆಂಡ್ ಅದನ್ನು ಹೂಳಲೆಂದೇ 400 ಮೀಟರಿಗೂ ಆಳದಲ್ಲಿ ಬಂಡೆ ಕೊರೆದಿದೆ. ಅಂಥ ಬಂಡೆ, ಅಷ್ಟು ಹಣ, ಅದಕ್ಕೆ ಒಪ್ಪುವ ಊರು ಮೂರನ್ನೂ ಮೊದಲೇ ಗೊತ್ತು ಮಾಡಿಕೊಳ್ಳದೆ ಯಾವ ದೇಶವೂ ಮೊದಲ ರಿಯಾಕ್ಟರಿಗೆ ಅಡಿಪಾಯ ಹಾಕಬಾರದು.