ಭುವನಹಳ್ಳಿಯಲ್ಲಿ ವಿಮಾನದ ಆಯಿಲ್ ಬದಲಿಸುವ ವಿಧಾನ

ಹಾಸನಕ್ಕೆ ಆಕಾಶವೇನೂ ಹೊಸದಲ್ಲ. ಸಾಲಗಾಮೆ ರಸ್ತೆಯ ಇಸ್ರೋ ಕೇಂದ್ರದವರು 36,000 ಕಿಲೋಮೀಟರ್ ಮೇಲಿರುವ ಉಪಗ್ರಹಗಳನ್ನು 1982ರಿಂದಲೂ ಇಲ್ಲಿ ಕೂತೇ ಹದ್ದುಬಸ್ತಿನಲ್ಲಿ ಇಟ್ಟಿದ್ದಾರೆ. ತೊಡಕಿರುವುದು ನೆಲಕ್ಕೆ ಹತ್ತಿರದ ಮೂರ್ನಾಲ್ಕು ಸಾವಿರ ಅಡಿಯಲ್ಲಿ ಮಾತ್ರ. ಅದಕ್ಕೆ ಮದ್ದಾಗಿ ಭುವನಹಳ್ಳಿಯಲ್ಲಿ ವಿಮಾನ ನಿಲ್ದಾಣಕ್ಕೆ 2007ರಲ್ಲಿ ಶಂಕುಸ್ಥಾಪನೆ ಆಯಿತು, 2021ರಲ್ಲಿ ಮರುಚಾಲನೆ ಆಯಿತು, ನಡುನಡುವೆ ಪರಿಶೀಲನೆಗಳಾದವು. ಹಾಸನಾಂಬೆಯಾದರೂ ವರ್ಷಕ್ಕೊಂದು ಸಲ ಬಾಗಿಲು ತೆಗೆಯುತ್ತಾಳೆ.

‘ಇನ್ನೇನು ವಿಮಾನ ಇಳಿದೇ ಬಿಟ್ಟಿತು’ ಎಂಬ ಭಾಷಣಗಳನ್ನು ನಂಬಿ ಸಕಲೇಶಪುರ, ಮೂಡಿಗೆರೆ ಕಡೆಯ ಯಾರಾದರೂ ಸಾಹುಕಾರ್ರು ಸೆಸ್ನಾ 172 ಎಂಬ ನಾಲ್ಕು ಸೀಟಿನ ಪುಟ್ಟ ವಿಮಾನವನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡು ಕಾಫಿ ಗೋಡೌನಿನಲ್ಲಿ ನಿಲ್ಲಿಸಿಕೊಂಡಿದ್ದರೆ, ಈ ಮಾಹಿತಿ ಅವರಿಗೆ. ಹಾರದಿದ್ದರೂ ಆಯಿಲ್ ಬದಲಿಸಲೇಬೇಕು ಸ್ವಾಮಿ. ಎಂಜಿನ್ ಮಾಡುವ ಲೈಕಮಿಂಗ್ ಕಂಪನಿಯ ಲೆಕ್ಕ ಇಷ್ಟು: ತಿರುಗಿಸಿ ಕೂರಿಸುವ ಫಿಲ್ಟರ್ ಇದ್ದರೆ 50 ಗಂಟೆ, ಬರೀ ಜಾಲರಿ ಇದ್ದರೆ 25 ಗಂಟೆ, ಅಷ್ಟು ಹಾರದಿದ್ದರೂ ನಾಲ್ಕು ತಿಂಗಳು. ಈ ಲೆಕ್ಕವನ್ನು 2007ರಿಂದ ಹಿಡಿದರೆ ಶಂಕುಸ್ಥಾಪನೆಯ ದಿನ ತಂದ ವಿಮಾನಕ್ಕೆ ಒಂದಡಿಯೂ ಮೇಲೇಳದೆ ಐವತ್ತಕ್ಕೂ ಹೆಚ್ಚು ಸಲ ಆಯಿಲ್ ಬದಲಿಸಿರಬೇಕು.

ಹಾರದ ಎಂಜಿನ್ ಕೆಡುವುದು ಏಕೆಂದರೆ, ಈ ಎಂಜಿನ್‌ಗಳಲ್ಲಿ ವಾಲ್ವುಗಳನ್ನು ತೆರೆಸುವ ಕ್ಯಾಮ್‌ಶಾಫ್ಟ್ ಇರುವುದು ಕ್ರ್ಯಾಂಕ್‌ಶಾಫ್ಟಿನ ಮೇಲೆ, ಕೇಸಿನ ನೆತ್ತಿಯಲ್ಲಿ. ನಿಂತಷ್ಟು ದಿನ ಅದರ ಮೇಲಿನ ಆಯಿಲ್ ಇಳಿದು ಹೋಗುತ್ತದೆ. ಮಲೆನಾಡಿನ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವಕ್ಕೆ ಬರಿಮೈ ಉಕ್ಕು ತುಕ್ಕು ಹಿಡಿಯುತ್ತದೆ. ಆಮೇಲೆ ಒಂದು ದಿನ ಸ್ಟಾರ್ಟ್ ಮಾಡಿದಾಗ ಆ ತುಕ್ಕೇ ಅರದ ಕೆಲಸ ಮಾಡಿ ಕ್ಯಾಮ್ ಮತ್ತು ಟ್ಯಾಪೆಟ್‌ಗಳನ್ನು ತಿನ್ನುತ್ತದೆ.

‘ಹಾಗಾದರೆ ವಾರಕ್ಕೊಮ್ಮೆ ಹತ್ತು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸೋಣ’ ಎನ್ನಬೇಡಿ. ಅದು ಇನ್ನೂ ಕೇಡು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚು ಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. ಅದರಲ್ಲೊಂದಿಷ್ಟು ಪಿಸ್ಟನ್ ರಿಂಗಿನ ಸಂದಿಯಿಂದ ನುಸುಳಿ ಆಯಿಲ್‌ಗೆ ಸೇರುತ್ತದೆ. ಅದು ಹೊರಗೆ ಹೋಗಬೇಕಾದರೆ ಆಯಿಲ್ ಸುಮಾರು 82 ಡಿಗ್ರಿ ಸೆಲ್ಸಿಯಸ್‌ಗೆ ಏರಿ ಅರ್ಧ ಗಂಟೆಯಾದರೂ ಆಕಾಶದಲ್ಲಿ ಓಡಬೇಕು. ನೆಲದ ಮೇಲೆ ಗುರುಗುಟ್ಟಿಸಿ ನಿಲ್ಲಿಸಿದರೆ ನೀರು ಒಳಗೇ ಉಳಿದು, ಉರಿದ ಕೊಳೆಯೊಂದಿಗೆ ಬೆರೆತು ಆಮ್ಲವಾಗುತ್ತದೆ. ಸದ್ದು ಬರುತ್ತದೆ, ಹೊಗೆ ಬರುತ್ತದೆ, ನೋಡಿದವರು ಚಪ್ಪಾಳೆ ತಟ್ಟುತ್ತಾರೆ, ಒಳಗೆ ತುಕ್ಕು ಬೆಳೆಯುತ್ತದೆ. ಪ್ರಗತಿ ಪರಿಶೀಲನಾ ಸಭೆ ಎಂದು ನಾವು ಕರೆಯುವುದೂ ಇದನ್ನೇ.

ಸರಿ, ಕೆಲಸಕ್ಕೆ ಬರೋಣ. ಆಯಿಲ್ ಬಿಸಿ ಇರುವಾಗಲೇ ಇಳಿಸಬೇಕು, ತೇಲುವ ಕೊಳೆ ಜೊತೆಗೇ ಬರಲಿ ಎಂದು. ಹಾರಿ ಬಂದು ಇಳಿಸುವುದು ಶ್ರೇಷ್ಠ. ಹಾಸನದವರು ಆಯಿಲ್ ಬದಲಿಸುವ ದಿನದ ಮಟ್ಟಿಗೆ ನೆಲದಲ್ಲೇ ಬಿಸಿ ಮಾಡಿಕೊಳ್ಳುವುದು. ಸಂಪಿನ, ಅಂದರೆ ಎಂಜಿನ್ ಅಡಿಯ ಆಯಿಲ್ ತೊಟ್ಟಿಯ, ತಳದ ಡ್ರೈನ್ ವಾಲ್ವಿಗೆ ಪೈಪ್ ಸಿಕ್ಕಿಸಿ ಹತ್ತು ಲೀಟರಿನ ಕ್ಯಾನಿಗೆ ಬಿಡಿ. 172ರಲ್ಲಿ ಇರುವ ನಾಲ್ಕು ಸಿಲಿಂಡರಿನ ಲೈಕಮಿಂಗ್‌ಗೆ ಪೂರ್ತಿ ಅಳತೆ 8 ಕ್ವಾರ್ಟ್, ಅಂದರೆ ಏಳೂವರೆ ಲೀಟರ್. ಇಳಿಯುತ್ತಿರುವಾಗ ಪಂಪು ಆಯಿಲ್ ಹೀರುವ ಬಾಯಿಗಿರುವ ಸಂಪಿನ ಸಕ್ಷನ್ ಜಾಲರಿ ಬಿಚ್ಚಿ ನೋಡಿ. ಇದನ್ನು ಮರೆಯುವವರೇ ಹೆಚ್ಚು. ದಪ್ಪ ಚೂರುಗಳೆಲ್ಲ ಸಿಗುವುದು ಇಲ್ಲೇ, ಫಿಲ್ಟರ್‌ವರೆಗೆ ಅವು ಹೋಗುವುದಿಲ್ಲ. ವಾಪಸು ಹಾಕುವಾಗ ಗ್ಯಾಸ್ಕೆಟ್ ಹೊಸದೇ ಇರಲಿ.

ಫಿಲ್ಟರ್ ಬಿಚ್ಚುವಾಗ ಹಳೆಯ ರಬ್ಬರ್ ಉಂಗುರ ಎಂಜಿನ್ ಕಡೆಯೇ ಅಂಟಿಕೊಂಡು ಉಳಿದಿದೆಯೇ ಬೆರಳಾಡಿಸಿ ನೋಡಿ. ಹಳೆಯದರ ಮೇಲೆ ಹೊಸದು ಕೂತರೆ ಸೋರುತ್ತದೆ, ಒತ್ತಡ ಏರಿದಾಗ ನಿಮಿಷಗಳಲ್ಲಿ ಆಯಿಲ್ ಖಾಲಿ. ಹಳೆಯ ಕಂಟ್ರಾಕ್ಟನ್ನು ಪೂರ್ತಿ ಕೀಳದೆ ಅದರ ಮೇಲೆ ಹೊಸ ಟೆಂಡರ್ ಕೂರಿಸುವ ಕಲೆಯಲ್ಲಿ ಪಳಗಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊಸ ಉಂಗುರಕ್ಕೆ ಡಿಸಿ-4 ಎಂಬ ಸಿಲಿಕೋನ್ ಪೇಸ್ಟ್ ತೆಳ್ಳಗೆ ಸವರಿ, ಟಾರ್ಕ್ ರೆಂಚಿನಲ್ಲಿ 16ರಿಂದ 18 ಅಡಿ-ಪೌಂಡ್ ಬಿಗಿಯಿರಿ. ಆಮೇಲೆ ಫಿಲ್ಟರ್ ಸಡಿಲವಾಗದಂತೆ ಕಟ್ಟುವ 0.032 ಇಂಚಿನ ಲಾಕ್ ವೈರ್. ವೈರ್ ಎಳೆಯುವ ದಿಕ್ಕು ಫಿಲ್ಟರ್ ಬಿಗಿಯಾಗುವ ಕಡೆಗೇ ಇರಬೇಕು. ತಿರುವುಮುರುವಾದರೆ ವೈರ್ ಇದ್ದೂ ಇಲ್ಲದಂತೆ. ಕಟ್ಟಿದ್ದೇವೆ ಎಂದು ಫೋಟೋ ತೆಗೆಯಬಹುದು, ಅಷ್ಟೆ.

ತೆಗೆದ ಫಿಲ್ಟರನ್ನು ಬಿಸಾಡುವಂತಿಲ್ಲ. ಕತ್ತರಿಸಿ ಒಳಗಿನ ಕಾಗದದ ಮಡಿಕೆ ಬಿಡಿಸಿ, ಹಿಂಡಿ, ಬಿಸಿಲಿನಲ್ಲಿ ನೋಡಬೇಕು. ಆಯಸ್ಕಾಂತಕ್ಕೆ ಅಂಟಿದರೆ ಉಕ್ಕು, ಕ್ಯಾಮ್ ಕಡೆ ಅನುಮಾನ. ಅಂಟದೆ ಹೊಳೆದರೆ ಅಲ್ಯೂಮಿನಿಯಂ, ಪಿಸ್ಟನ್ ಪಿನ್ನಿನ ತುದಿಯ ಪ್ಲಗ್ಗುಗಳನ್ನು ಸಂಶಯಿಸಿ. ನಾಲ್ಕಾರು ಕಣ ಕಂಡರೆ ಬರೆದಿಟ್ಟು ಮುಂದಿನ ಸಲ ಬೇಗ ನೋಡಿ. ಚಮಚದ ಲೆಕ್ಕದಲ್ಲಿ ಸಿಕ್ಕರೆ ಹಾರಿಸಬೇಡಿ. ಕತ್ತರಿಸಲು ತಗಡು ಕೊರೆಯುವ ಚಕ್ರದ ಕಟರ್ ಇದೆ, ಅದನ್ನೇ ಬಳಸಿ. ಗರಗಸ ಹಾಕಿದರೆ ಗರಗಸದ್ದೇ ಪುಡಿ ಒಳಗೆ ಬಿದ್ದು, ಯಾವುದು ಎಂಜಿನ್ನಿನ ಪಾಪ, ಯಾವುದು ನಮ್ಮ ಪಾಪ ಎಂದು ತಿಳಿಯುವುದಿಲ್ಲ. ನಮ್ಮ ತನಿಖಾ ಸಮಿತಿಗಳಿಗೆಲ್ಲ ಪ್ರಿಯವಾದ ಉಪಕರಣ ಗರಗಸವೇ.

ಇನ್ನು ಆಯಿಲ್. ಬಿ.ಎಂ. ರೋಡಿನ ಅಂಗಡಿಯಲ್ಲಿ ಟ್ರ್ಯಾಕ್ಟರಿಗೂ ಕಾರಿಗೂ ಸಿಗುವ ಡಬ್ಬ ತಂದು ಸುರಿಯಬೇಡಿ. ಅದರಲ್ಲಿರುವ ಲೋಹಯುಕ್ತ ಡಿಟರ್ಜೆಂಟ್ ಉರಿದಾಗ ಬೂದಿಯಾಗಿ ಸಿಲಿಂಡರಿನಲ್ಲಿ ಕೂರುತ್ತದೆ; ಆ ಬೂದಿ ಕೆಂಡವಾಗಿ ಪ್ಲಗ್ಗಿನ ಕಿಡಿಗೆ ಮೊದಲೇ ಇಂಧನ ಹೊತ್ತಿಸಿದರೆ ಪಿಸ್ಟನ್ ತೂತಾಗಬಹುದು. ಬೂದಿ ಬಿಡದ ವಿಮಾನದ ಆಯಿಲ್ಲೇ ಬೇಕು: ಏರೋಶೆಲ್ ಡಬ್ಲ್ಯೂ100, ಇಲ್ಲವೇ 15ಡಬ್ಲ್ಯೂ-50. ಡಬ್ಲ್ಯೂ100 ಎಂದರೆ ನೂರು ಗ್ರೇಡ್ ಎಂದು ಹೆದರಬೇಡಿ, ಅದು ಎಸ್‌ಎಇ 50 ಅಷ್ಟೆ. ವಿಮಾನದವರ ಅಂಕಿ ದುಪ್ಪಟ್ಟು. ಅಂದಾಜು ಪಟ್ಟಿ ಓದಿ ಅಭ್ಯಾಸವಿರುವವರಿಗೆ ಇದು ಬೇಗ ಹಿಡಿಸುತ್ತದೆ. 8 ಕ್ವಾರ್ಟ್ ತುಂಬಿದರೆ ಮೇಲಿನದ್ದು ಎಂಜಿನ್ನಿನ ಆವಿ ಹೊರಬಿಡುವ ಬ್ರೀದರ್ ಪೈಪಿನಿಂದ ವಿಮಾನದ ಹೊಟ್ಟೆಗೆಲ್ಲ ಸಿಡಿದು ಹೋಗುತ್ತದೆ, ಆರು ಆರೂವರೆಗೆ ನಿಲ್ಲಿಸುವವರೇ ಬಹಳ. ಸ್ಟಾರ್ಟ್ ಮಾಡಿ ಅರ್ಧ ನಿಮಿಷದಲ್ಲಿ ಒತ್ತಡದ ಮುಳ್ಳು ಏಳದಿದ್ದರೆ ತಕ್ಷಣ ಆರಿಸಿ. ಎದ್ದರೆ ಒಂದೆರಡು ನಿಮಿಷ ಓಡಿಸಿ, ಫಿಲ್ಟರ್ ಬುಡಕ್ಕೆ ಟಾರ್ಚ್ ಬಿಟ್ಟು ಸೋರಿಕೆ ನೋಡಿ.

ಕಡೆಗೆ ಲಾಗ್ ಬುಕ್. ಅಮೆರಿಕದಲ್ಲಾದರೆ ಲೈಸೆನ್ಸ್ ಇರುವ ಪೈಲಟ್ ತನ್ನ ವಿಮಾನಕ್ಕೆ ತಾನೇ ಆಯಿಲ್ ಬದಲಿಸಿ ಸಹಿ ಹಾಕಬಹುದು. ನಮ್ಮಲ್ಲಿ ವಿಮಾನಯಾನದ ನಿಯಂತ್ರಕರಾದ ಡಿಜಿಸಿಎ ಕೊಟ್ಟ ಲೈಸೆನ್ಸಿನ ಎಂಜಿನಿಯರ್ ಬೇಕು. ಅವರು ಬರುವುದು ಬೆಂಗಳೂರಿನ ಜಕ್ಕೂರು ಏರೋಡ್ರೋಮಿನಿಂದ. ನೆಲಮಂಗಲ ದಾಟಿ, ಕುಣಿಗಲ್ ದಾಟಿ, ಟೋಲ್ ಕಟ್ಟುತ್ತಾ, ಡಿಕ್ಕಿಯಲ್ಲಿ ಫಿಲ್ಟರನ್ನೂ ಆಯಿಲ್ ಡಬ್ಬಗಳನ್ನೂ ಹೇರಿಕೊಂಡು. ವಿಮಾನವನ್ನೇ ಅವರ ಬಳಿಗೆ ಒಯ್ಯೋಣ ಎಂದರೆ ರೆಕ್ಕೆಯ ಬೋಲ್ಟು ಬಿಚ್ಚಿ ಲಾರಿಗೆ ಹೇರಬೇಕು. ಲಾರಿಯ ಆಯಿಲ್ ಮೊದಲೇ ನೋಡಿಸಿಕೊಳ್ಳಿ.